ಅಪ್ಪನ ಅಮಾವಾಸ್ಯೆ

ಅಮಾವಾಸ್ಯೆ, ಹುಣ್ಣಿಮೆ ಬಂತೆಂದರೆ ನಮ್ಮಪ್ಪ ಗೋಡೆಗೆ ಕಿವಿ ಹಚ್ಚಿ ನಿಲ್ಲುತ್ತಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದ ಮನುಷ್ಯ, ಮಣ್ಣಿನ ಗೋಡೆಯ ಮಾತು ಕೇಳುವುದೆಂದರೆ! ತೊಗರ್ಸಿಯ ಜನ ನಗದೆ ಬಿಟ್ಟಾರೆಯೇ? ಅಪ್ಪ ಯಾರಿಗೂ ಸೊಪ್ಪು ಹಾಕುತ್ತಿರಲಿಲ್ಲ.

"ಚಂದ್ರ ಬರೀ ಸಮುದ್ರ ಎಳೀತಾನೆ ಅಂತ ತಿಳ್ಕಂಡೀರೇನು? ನಾವು ನಿಂತ ನೆಲಾನೂ ಎಳೀತಾನೆ. ಅಮಾಸಿ, ಹುಣ್ಣಿವಿಗೆ ಸೂರ್ಯನೂ ಕೈ ಹಚ್ತಾನೆ. ಒಳಗೆ ಬಂಡೆ ಜಾರಾಕೆ ತಯಾರಾಗಿದ್ರೆ ಭೂಕಂಪ ಆಗಾಕೆ ಅಷ್ಟು ಎಳೆತ ಸಾಕಾಗಬಹುದು. ಚಂದ್ರ ಇಲ್ಲದೇನೂ ಜಾರತೈತಿ, ಅದು ಬ್ಯಾರೆ ಮಾತು," ಎನ್ನುತ್ತಿದ್ದರು.

ನಾನು ಬಾಣಂತನಕ್ಕೆ ಬಂದಿದ್ದಾಗ ನೆಲದೊಳಗೆ ಗುಡುಗಿದಂತಾಗಿ ಅಡುಗೆಮನೆಯ ಪಾತ್ರೆಗಳು ಉರುಳಿದವು. ನಾನೂ ಕೂಸೂ ಮಲಗುವ ಕೋಣೆಯ ಗೋಡೆ ಬಿರುಕು ಬಿಟ್ಟಿತು. ಅಮಾವಾಸ್ಯೆ ಹತ್ತಿರವಿತ್ತು. ಅಮಾವಾಸ್ಯೆಯ ದಿನ ಬೆಳಿಗ್ಗೆಯೇ ಅಪ್ಪ ನಮ್ಮನ್ನು ಹಿತ್ತಲಿನ ತಗಡಿನ ಶೆಡ್ಡಿಗೆ ಕರೆದೊಯ್ಯಲು ಬಂದರು. ಸೊರಬದ ಕಡೆಯವಳಾದ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಅಮಾಸೆ ದಿನ ಬಾಣಂತಿ ಹೊಸಿಲು ದಾಟ್ತಾಳನ್ರೀ? ಗಾಳಿ ಗೀಳಿ ತಾಗಿದ್ರೆ ಏನ್ಮಾಡ್ತೀರಿ?"

"ಅಮಾಸಿ ಅಂತನೇ ದಾಟು ಅನ್ನಾದು ಕಣೇ!"

ಒಂದೇ ಅಮಾವಾಸ್ಯೆಗೆ ಇಬ್ಬರೂ ಹೆದರಿದ್ದರು, ಇಬ್ಬರೂ ನನ್ನ ಕೂಸಿಗಾಗಿಯೇ. ಕೊನೆಗೆ ಅಪ್ಪ ಕೂಸನ್ನೆತ್ತಿಕೊಂಡು ನಡೆದೇಬಿಟ್ಟರು. ಅವ್ವ ಅಳುತ್ತ ನನ್ನ ಕೈಗೆ ಕುಡುಗೋಲು ತುರುಕಿದಳು, ಕಬ್ಬಿಣವಾದರೂ ಕಾಯಲಿ ಎಂದು.

ಅಮಾವಾಸ್ಯೆ ಕಳೆಯಿತು. ಒಂದು ತಂಬಿಗೆಯೂ ಅಲುಗಲಿಲ್ಲ. ಕೂಸಿಗೆ ಮಾತ್ರ ನೆಗಡಿಯಾಗಿ ಮೈ ಬಿಸಿಯೇರಿತು. ಅವ್ವ ಅಪ್ಪನ ಜೊತೆ ಮಾತು ಬಿಟ್ಟಳು. ಊರಲ್ಲೆಲ್ಲ ಅದೇ ನಗು. ಅಯ್ಯೋ, ಆ ವಾರ ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ.

ಅಷ್ಟಮಿಯವರೆಗೂ ನಾವು ಶೆಡ್ಡಿನಲ್ಲೇ ಇದ್ದೆವು. ಆ ದಿನ ಅಪ್ಪ ಬಂದರು. "ಇವತ್ತು ಎಳೆತ ಕಮ್ಮಿ ಮಗಳೇ. ಸೂರ್ಯ ಒಂದು ಕಡಿಗೆ, ಚಂದ್ರ ಒಂದು ಕಡಿಗೆ. ಏನೂ ಆಗಲ್ಲ. ಒಳಗೆ ಹೋಗಾಣ, ನಿಮ್ಮವ್ವನಿಗೂ ಸಮಾಧಾನ ಆಗ್ಲಿ," ಎಂದರು. ಏನೂ ಆಗಲ್ಲ ಎಂದು ಅವರು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನನಗೂ ಆ ಮಾತು ಬೇಕಾಗಿತ್ತು.

"ನೀ ಹಾಲು ಕುಡಿಸಿ ಬಾ. ನಾ ಅಷ್ಟರಾಗೆ ತೊಟ್ಟಿಲು ಕಟ್ಟಿರ್ತೀನಿ."

ತೊಟ್ಟಿಲು ಹೊತ್ತು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಶೆಡ್ಡಿನ ತಗಡು ಗಲಗಲ ಎಂದಿತು. ಕಾಲಡಿಯ ನೆಲ ಒಮ್ಮೆ ಜಗ್ಗಿತು. ಬಾವಿಕಟ್ಟೆಯಲ್ಲಿದ್ದ ಅವ್ವ "ರೀ..." ಎಂದು ಕೂಗಿದ್ದು ಕೇಳಿಸಿತು. ಆಮೇಲೆ ಬರೀ ಧೂಳು.

ಊರವರು ಕುಸಿದ ಗೋಡೆಯ ಮಣ್ಣು ಸರಿಸಿದಾಗ ಅಪ್ಪ ಖಾಲಿ ತೊಟ್ಟಿಲನ್ನು ಎದೆಗವಚಿಕೊಂಡು ಬಿದ್ದಿದ್ದರು. ಹಾಲು ಕುಡಿದ ಕೂಸು ನನ್ನ ಮಡಿಲಲ್ಲಿ ನಿದ್ದೆ ಹೋಗಿತ್ತು.