ಒಂದೇ ಎಳೆತದ ಗಂಟು

ದಾದಿಯ ಬಲಗೈ ಹೆಬ್ಬೆರಳಿನ ಉಗುರು ಚಮಚದ ತುದಿಯಂತೆ ಚಪ್ಪಟೆಯಾಗಿತ್ತು. ಬಟ್ಟೆಯ ಅಂಚು ಮಡಚಿ ಆ ಉಗುರನ್ನು ಒಮ್ಮೆ ಎಳೆದರೆ ಸಾಕು, ಇಸ್ತ್ರಿ ಬೇಕಾಗುತ್ತಿರಲಿಲ್ಲ. ಅವಳು ನನ್ನ ಅಪ್ಪನ ತಾಯಿ. ಆದರೆ ಮುಂಬಯಿ ಕುರ್ಲಾದ ನಮ್ಮ ಚಾಳಿನಲ್ಲಿ ಅವಳು ಹೊಲಿದದ್ದನ್ನು ತೊಡದವರೇ ಇರಲಿಲ್ಲವಾದ್ದರಿಂದ ಎಲ್ಲರಿಗೂ ದಾದಿಯೇ.

ಅವಳ ತಂದೆ ವಿಜಾಪುರದ ಕಡೆ ನಾಟಕ ಕಂಪನಿಗಳಿಗೆ ರಾಜರ, ಮಂತ್ರಿಗಳ ಉಡುಪು ಹೊಲಿಯುತ್ತಿದ್ದ ದರ್ಜಿ. ಆ ವಿದ್ಯೆಯನ್ನು ಮುಂಬಯಿಯಲ್ಲಿ ಯಾರೂ ಕೇಳಿರಲಿಲ್ಲ. ಎರಡು ವರ್ಷದ ಹಿಂದೆ, ಪಕ್ಕದ ಖೋಲಿಯ ನನ್ನ ಗೆಳತಿಗೆ ಚೆಂಬೂರಿನ ಒಂದು ಕನ್ನಡ ಸಂಘದ ಐತಿಹಾಸಿಕ ನಾಟಕದಲ್ಲಿ ದಳವಾಯಿಯ ಪಾತ್ರ ಸಿಕ್ಕಿತು. ಅವಳು ಬಾಡಿಗೆಗೆ ತಂದ ನಿಲುವಂಗಿಯನ್ನು ದಾದಿ ತಿರುಗಿಸಿ ನೋಡಿದಳು. ಬೆನ್ನಿಗೆ ಜಿಪ್ ಇತ್ತು.

"ಇದೇನ, ದಳವಾಯಿ ಅಂಗಿಯೋ, ಬ್ಯಾಗೋ? ನಾವ ಹೊಲಿಯೂಣು."

ಆದರೆ ಅವಳ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. "ಕಣ್ಣು ನಿಂದು, ಅಕಲ್ ನಂದು. ಕೂಡ್ರು" ಎಂದು ನನ್ನನ್ನು ಮೆಷಿನ್ನಿನ ಮುಂದೆ ಕೂರಿಸಿದಳು.

ನಾನು ಎಂ.ಕಾಂ. ಓದಿದವಳು, ಮೊಬೈಲಿನಲ್ಲಿ ದಳವಾಯಿಯೊಬ್ಬನ ಹಳೆಯ ಚಿತ್ರವನ್ನು ಹುಡುಕಿ ಅವಳ ಕಣ್ಣಿನ ಹತ್ತಿರ ಹಿಡಿದೆ. "ಮುಂದಿಂದು ಆತು. ಇವನ ಬೆನ್ನ ಎಲ್ಲೈತಿ?" ಎಂದು ಕೇಳಿದಳು. ನಾನು ಮೊಬೈಲ್ ಕೆಳಗಿಟ್ಟು ಪೆನ್ನು ಹಿಡಿದೆ. ಅವಳು ಗೋಡೆಗೊರಗಿ ಕಣ್ಣು ಮುಚ್ಚಿಕೊಂಡು, ತಂದೆಯ ಕೈಯನ್ನು ನೆನೆಯುತ್ತ, ಗೇಣಿನ ಲೆಕ್ಕದಲ್ಲಿ ಇಡೀ ಬೆನ್ನನ್ನು ಹೇಳಿ ಬರೆಸಿದಳು. ತೋಳು ಸಡಿಲ, ಎದೆಯ ಮೇಲೆ ಒಂದರ ಮೇಲೊಂದು ಬರುವ ಎರಡು ಸೆರಗು, ಸೊಂಟದಿಂದ ಕೆಳಗೆ ಕೊಡೆಯಂತೆ ಹರಡುವ ಘೇರು. ಗುಂಡಿಯಿಲ್ಲ, ಹುಕ್ಕಿಲ್ಲ. ಎದೆಗೊಂದು, ಪಕ್ಕೆಗೊಂದು ಕಟ್ಟುವ ದಾರ, ಕಸೆ.

ಆ ಎರಡು ಕಸೆಗಳಿಗೇ ಹೆಚ್ಚು ದಿನ ಹಿಡಿಯಿತು. ಕಿಟಕಿಯ ಸರಳಿಗೆ ದಾರ ಹಾಕಿ, ಎಷ್ಟು ಜಗ್ಗಾಡಿದರೂ ಸಡಿಲವಾಗದೆ, ತುದಿಯನ್ನು ಒಮ್ಮೆ ಎಳೆದರೆ ಮಾತ್ರ ಬಿಚ್ಚುವ ಜಾರುಗಂಟನ್ನು ಕಲಿಸಿದಳು. ನನ್ನದು ಪ್ರತಿಸಲವೂ ಸಿಕ್ಕಾಗುತ್ತಿತ್ತು.

"ನೋಡ್ರಿ ಕಾಲೇಜ್ ಕಲ್ತಾಕಿ ಗಂಟು! ಇಲಿ ಸಿಕ್ರೂ ಹೊರಗ ಬರಾಂಗಿಲ್ಲ."

"ಗಟ್ಟಿ ಇದ್ರ ಒಳ್ಳೇದಲ್ಲೇನ ದಾದಿ?"

"ನಕ್ಕೋ ಬೇಟಿ, ಬ್ಯಾಡ. ಯುದ್ಧದಾಗ ಬಿದ್ದಾವನ ಅಂಗಿ ಬಿಚ್ಚಾಕ ದರ್ಜಿ ಬರ್ತಾನೇನ? ಕಟ್ಟೂದು ಎಲ್ಲಾರಿಗೂ ಬರತೈತಿ. ಬಿಚ್ಚೂ ಹಂಗ ಕಟ್ಟೂದು, ಅದು ಹೊಲಿಗಿ."

ನಾಟಕದ ಹಿಂದಿನ ದಿನ ಗೆಳತಿ ನನ್ನನ್ನು ಮೂಲೆಗೆ ಕರೆದಳು. "ಸ್ಟೇಜ್ ಮ್ಯಾಲೆ ಬಿಚ್ಚಿತಂದ್ರ? ಯುದ್ಧ ಮಾಡ್ಲ್ಯೋ, ಅಂಗಿ ಹಿಡ್ಕೊಂಡು ನಿಂದರ್ಲ್ಯೋ? ಇಜ್ಜತ್ ಕಾ ಸವಾಲ್ ಹೈ ಯಾರ್!" ನನಗೂ ಧೈರ್ಯವಿರಲಿಲ್ಲ. ಎರಡೂ ಕಸೆಗಳ ಅಡಿಯಲ್ಲಿ, ಕಾಣದಂತೆ, ಒಂದೊಂದು ಸೇಫ್ಟಿ ಪಿನ್ ಹಾಕುವುದೆಂದು ಇಬ್ಬರೂ ನಿಶ್ಚಯಿಸಿದೆವು.

ಮರುದಿನ ಮಧ್ಯಾಹ್ನ, ದಾದಿಯೇ ನೋಡಿ ಕಳಿಸಲಿ ಎಂದು ಗೆಳತಿ ಮನೆಯಲ್ಲೇ ಅಂಗಿ ತೊಟ್ಟಳು. ನಾನು ಕಸೆ ಕಟ್ಟಿದೆ, ಪಿನ್ನುಗಳನ್ನೂ ಚುಚ್ಚಿದೆ. ದಾದಿ ಎದೆಯ ಸೆರಗಿನ ಮೇಲೆ ತನ್ನ ಉಗುರು ಎಳೆದಳು. ಉಗುರು ನಿಂತಿತು. ಪಕ್ಕೆಯ ಮೇಲೂ ನಿಂತಿತು. ಎರಡೂ ಪಿನ್ನುಗಳನ್ನು ತೆಗೆದು ತನ್ನ ತಲೆಯ ಮೇಲಿನ ಓಢ್ನಿಯ ಅಂಚಿಗೆ ಸಿಕ್ಕಿಸಿಕೊಂಡಳು.

"ಮತ್ತ ಕಟ್ಟು" ಎಂದಳು. ಈ ಸಲ ಪಿನ್ನಿಲ್ಲದೆ ಜಾರುಗಂಟು ಹಾಕಿದೆ, ಸಿಕ್ಕಾಗಲಿಲ್ಲ.

ಸೊಂಟಪಟ್ಟಿ, ರುಮಾಲುಗಳನ್ನು ಚೀಲದಲ್ಲಿಟ್ಟುಕೊಂಡು ಇಬ್ಬರೂ ಲೋಕಲ್ ಹತ್ತಿದೆವು. ಲೇಡೀಸ್ ಡಬ್ಬಿಯ ಹೆಂಗಸರೆಲ್ಲ ದಳವಾಯಿಯ ಜೊತೆ ಸೆಲ್ಫಿ ತೆಗೆದುಕೊಂಡರು. ಚೆಂಬೂರಿನಲ್ಲಿ ನಾನು ಮೊದಲು ಇಳಿದೆ. ಗೆಳತಿ ಇಳಿಯುವಷ್ಟರಲ್ಲಿ ಘೇರು ಬಾಗಿಲ ಪಕ್ಕದ ತಗಡಿನ ಸಂದಿಗೆ ಸಿಕ್ಕಿಕೊಂಡಿತು. ಗಾಡಿ ಹೊರಟಿತು. ಅವಳು ನಾಲ್ಕು ಹೆಜ್ಜೆ ಓಡಿದಳು. ಆಮೇಲೆ ಅದು ಓಟವಾಗಿರಲಿಲ್ಲ, ಗಾಡಿ ಅವಳನ್ನು ಎಳೆಯುತ್ತಿತ್ತು. ಅವಳ ಒಂದು ಚಪ್ಪಲಿ ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿಯಲ್ಲಿ ಬಿದ್ದು ಹೋಯಿತು.

"ಕಸೆ ಎಳಿ! ಕಸೆ!" ಎಂದು ಕಿರುಚಿದೆ.

ಅವಳು ಎದೆಯದನ್ನು ಎಳೆದಳು, ಪಕ್ಕೆಯದನ್ನು ಎಳೆದಳು. ಸಡಿಲ ತೋಳುಗಳಿಂದ ಕೈಗಳು ಜಾರಿದವು. ಒಳಗಿನ ಬಿಳಿ ಕುರ್ತಾದಲ್ಲಿ ಅವಳು ಪ್ಲಾಟ್‌ಫಾರ್ಮಿನ ಮೇಲೆ ಬಿದ್ದಿದ್ದಳು. ಹಸಿರು ನಿಲುವಂಗಿ ಬಾಗಿಲಿಗೆ ಅಂಟಿಕೊಂಡು ಹಾರಾಡುತ್ತ ಗೋವಂಡಿಯ ಕಡೆ ಹೋಯಿತು.

ಮೊಣಕಾಲು ಸುಲಿದಿತ್ತು. ಬೇರೇನೂ ಆಗಿರಲಿಲ್ಲ. ಈಗಲೂ ಲೋಕಲ್ ಹೊರಡುವಾಗಿನ ಮೊದಲ ಜಗ್ಗಿಗೆ ನನ್ನ ಕೈ ತಾನಾಗಿ ಎದೆಯ ಹತ್ತಿರ ಹೋಗುತ್ತದೆ. ಕನಸಿನಲ್ಲಿ ಅವಳು ಕಸೆ ಎಳೆಯುತ್ತಾಳೆ, ಪಿನ್ನುಗಳು ಅಲ್ಲೇ ಇರುತ್ತವೆ.

ಆ ಸಂಜೆ ಗೆಳತಿ ಅದೇ ಬಿಳಿ ಕುರ್ತಾಕ್ಕೆ ಪಟ್ಟಿ ಬಿಗಿದು, ರುಮಾಲು ಸುತ್ತಿ ಪಾತ್ರ ಮಾಡಿದಳು. ಮನೆಗೆ ಬಂದು ದಾದಿಗೆ ಎಲ್ಲ ಹೇಳಿದಾಗ ಅವಳು ಗೆಳತಿಯ ತಲೆ, ಭುಜ, ಕೈಗಳನ್ನು ಸವರಿ ನೋಡಿ, ನನ್ನ ಕಡೆ ತಿರುಗಿದಳು.

"ಎರಡೂ ಬಿಚ್ಚಿದ್ವಾ?"

"ಹೂಂ."

"ಒಂದ ಎಳತಕ್ಕ?"

"ಒಂದ ಎಳತಕ್ಕ, ದಾದಿ."

ಮರುದಿನ ನಲ್ಲಿಯ ಹತ್ತಿರ ಇಡೀ ಚಾಳಿಗೆ ಕೇಳುವಂತೆ ಹೇಳುತ್ತಿದ್ದಳು: "ನನ್ನ ಮೊಮ್ಮಗಳ ಕೈಯಾಗಿನ ಗಂಟು! ಅಂಗಿ ಗೋವಂಡಿಗೆ ಹೋತು, ಹುಡುಗಿ ಮನೀಗಿ ಬಂತು." ನನಗೆ ತಡೆಯಲಾಗಲಿಲ್ಲ. ಒಳಗೆ ಬಂದ ಮೇಲೆ "ದಾದಿ, ಆ ಪಿನ್ನು..." ಎಂದು ಶುರುಮಾಡಿದೆ. "ಯಾವ ಪಿನ್ನು?" ಎಂದಳು. ಓಢ್ನಿಯ ಅಂಚಿನಲ್ಲಿ ಅವು ಇನ್ನೂ ಹೊಳೆಯುತ್ತಿದ್ದವು.

ಹೋದ ರಂಜಾನಿಗೆ ಮೊದಲು ದಾದಿ ತೀರಿಕೊಂಡಳು. ಹೆಂಗಸರು ಮೀಯಿಸಿ, ಒಂದು ಹೊಲಿಗೆಯೂ ಇಲ್ಲದ ಬಿಳಿ ಬಟ್ಟೆ ಸುತ್ತಿದರು. ಅದಕ್ಕೆ ತಲೆ, ಸೊಂಟ, ಕಾಲುಗಳ ಬಳಿ ಪಟ್ಟಿ ಕಟ್ಟುತ್ತಾರೆ. ಮಣ್ಣಿಗೆ ಇಳಿಸಿದ ಮೇಲೆ ಗಂಡಸರು ಅವನ್ನು ಬಿಚ್ಚಬೇಕು. ಸೋದರತ್ತೆ ಅಳುತ್ತ ಮೊದಲ ಗಂಟನ್ನು ಬಿಗಿಯತೊಡಗಿದಳು.

"ಫೂಫಿ, ನಾ ಕಟ್ತೀನಿ" ಎಂದೆ.

ಖಬರಸ್ತಾನದಿಂದ ಮರಳಿದ ಅಪ್ಪ ಬಾಗಿಲಲ್ಲಿ ಕಾಲು ತೊಳೆದುಕೊಂಡು ನನ್ನ ಪಕ್ಕ ಕೂತ. ಆಮೇಲೆ ತನ್ನ ಕೈ ನೋಡಿಕೊಂಡ.

"ನಿನ್ನ ಗಂಟು ನಾನ ಎಳದ್ನಿ ಬೇಟಾ" ಎಂದ. "ಒಂದ ಎಳತಕ್ಕ ಬಿಚ್ಚಿತು."