ಎರಡು ಮನೆಗೆ ಒಂದು ಗಂಟೆ

ಯಂತ್ರಗಳ ವಿಷಯದಲ್ಲಿ ನಾನು ಅರೆಪಂಡಿತ. ಬಿಚ್ಚಲು ಬರುತ್ತದೆ, ಜೋಡಿಸುವಾಗ ಒಂದು ಸ್ಕ್ರೂ ಉಳಿಯುತ್ತದೆ. ಹಾಗೆ ಉಳಿದವನ್ನೆಲ್ಲ ನನ್ನ ಹೆಂಡತಿ ಉಪ್ಪಿನಕಾಯಿಯ ಹಳೇ ಭರಣಿಯಲ್ಲಿ ಕೂಡಿಟ್ಟು ಬಂದವರಿಗೆ ತೋರಿಸುತ್ತಾಳೆ.

ಇಂಥವನ ಪಾಲಿಗೆ ಅಕ್ಕನ ದನಿ ರಿಪೇರಿ ಮಾಡುವ ಕೆಲಸ ಬಂತು. ಲಕ್ವಾ ಹೊಡೆದ ಮೇಲೆ ಅವಳು ತನ್ನ ಹಳ್ಳಿ ಘೋಣಸಗಿಯಿಂದ ಪಟ್ಟಣಕ್ಕೆ, ಇಬ್ರಾಹಿಂಪುರದ ನಮ್ಮ ಮನೆಗೆ ಬಂದಳು. ಒಂದು ಕಾಲಕ್ಕೆ ಹೊಲದ ಈ ತುದಿಯಿಂದ ಕೂಗಿದರೆ ಆ ತುದಿಯ ಎತ್ತು ನಿಲ್ಲುತ್ತಿತ್ತು. ಈಗ ಬರೀ ಪಿಸುಮಾತು. ಪಿಸುಗುಟ್ಟಿದ್ದು ಗೋಡೆ ಹಿಡಿದು ಆ ಬದಿಯ ಕಿವಿಗೆ ಮುಟ್ಟುವ ಗುಮ್ಮಟ ಕಟ್ಟಿದ ಊರು ನಮ್ಮದು, ನಿಜ. ಆದರೆ ನಮ್ಮ ಮನೆ ಕಟ್ಟಿದ ಗೌಂಡಿಗೆ ಆ ವಿದ್ಯೆ ಬರುತ್ತಿರಲಿಲ್ಲ. ಅಕ್ಕನ ಮಾತು ಅಡುಗೆಮನೆಯನ್ನೂ ಮುಟ್ಟುತ್ತಿರಲಿಲ್ಲ.

ಬಜಾರದಿಂದ ಅಗ್ಗದ ವೈರ್‌ಲೆಸ್ ಬೆಲ್ ತಂದೆ. ಬಟನ್ನನ್ನು ಅವಳ ಎಡಗೈಗೆ ದಾರದಿಂದ ಕಟ್ಟಿ, ಬೆಲ್ಲನ್ನು ಅಡುಗೆಮನೆಯಲ್ಲಿ ಸಿಕ್ಕಿಸಿದೆ. ಅಕ್ಕ ಒತ್ತಲೇ ಇಲ್ಲ.

"ಗಂಟಿ ಬಾರಿಸಿ ಮನಿ ಮಂದೀನ ಕರಿಯಾಕ ನಾ ಏನ್ ಸಾಹೇಬಳೇನೋ?"

ನಮ್ಮ ಕಡೆ ಮನುಷ್ಯರನ್ನು ಹೆಸರು ಹಿಡಿದು ಕರೆಯಬೇಕು; ಗಂಟೆ ಏನಿದ್ದರೂ ಆಫೀಸಿನ ಜವಾನನಿಗೆ. ಹಾಗೆಂದು ಬಾಯಾರಿದರೂ ಸುಮ್ಮನೆ ಮಲಗಿರುತ್ತಿದ್ದಳು. ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಒಮ್ಮೆ ಕೆಮ್ಮುವಾಗ ಬಟನ್ ತಾನೇ ಒತ್ತಿಕೊಂಡಿತು. ನಾವು ಓಡಿದೆವು, ಹಿಂದೆಯೇ ಪಕ್ಕದ ಮನೆಯ ಕಮಲಾಬಾಯಿ ಹಿಟ್ಟಿನ ಕೈಯಲ್ಲೇ ಬಂದಳು.

"ಯಾರೋ ನಮ್ಮ ಬೆಲ್ ಬಾರಿಸಿ ಓಡಿ ಹೋಗ್ಯಾರ. ನೋಡಿದ್ರೇನ್ರಿ?"

ಇಬ್ಬರದೂ ಒಂದೇ ಅಂಗಡಿಯ ಬೆಲ್. ಇಲ್ಲಿ ಒತ್ತಿದರೆ ಅಲ್ಲಿಯೂ ಬಡಿಯುತ್ತಿತ್ತು! ಅಕ್ಕ ನಕ್ಕಳು. ಎಷ್ಟೋ ತಿಂಗಳ ಮೇಲೆ ಕಂಡ ನಗು. ಕಮಲಾಬಾಯಿ ಅಲ್ಲೇ ಕೂತು ಹರಟೆ ಹೊಡೆದು ಹೋದಳು.

ಆಮೇಲೆ ಅಕ್ಕ ತಾನಾಗಿಯೇ ಒತ್ತತೊಡಗಿದಳು; ದಿನವೂ ಗಂಟೆ, ದಿನವೂ ಹರಟೆ. ಆದರೆ ಕಮಲಾಬಾಯಿಯ ಮನೆಗೆ ಹಾಲಿನವನು ಬಂದು ಬೆಲ್ ಒತ್ತಿದರೆ ನಮ್ಮಲ್ಲೂ ಬಡಿದು, ನನ್ನ ಹೆಂಡತಿ ಅಕ್ಕನ ಹತ್ತಿರ ಓಡಬೇಕಾಗುತ್ತಿತ್ತು. ಅರೆಪಂಡಿತ ಸುಮ್ಮನಿರುತ್ತಾನೆಯೇ? ಯಾರಿಗೂ ಹೇಳದೆ ನಮ್ಮ ಬೆಲ್ಲಿನ ಸಿಗ್ನಲ್ ಬೇರೆ ಮಾಡಿದೆ. ಒಂದು ಸ್ಕ್ರೂ ಕೂಡ ಉಳಿಯಲಿಲ್ಲ.

ಅಕ್ಕ ಒತ್ತಿದಾಗ ಈಗ ನಾವಷ್ಟೇ ಹೋದೆವು. ಅವಳು ನಮ್ಮ ಬೆನ್ನ ಹಿಂದಿನ ಬಾಗಿಲು ನೋಡಿದಳು; ಕಮಲಾಬಾಯಿ ಬರಲಿಲ್ಲ. "ನನ್ನ ಮಾತಿಗಿ ಬ್ಯಾಸತ್ತಾಳ" ಎಂದು ಗೋಡೆಯ ಕಡೆ ಹೊರಳಿ, ಮತ್ತೆ ಒತ್ತುವುದನ್ನೇ ಬಿಟ್ಟಳು. ಕೊನೆಗೆ ಕಮಲಾಬಾಯಿಯೇ ಮುಖ ಸಣ್ಣದು ಮಾಡಿಕೊಂಡು ಬಂದಳು. "ಯಾಕ ಬೇ ಯಕ್ಕಾ, ನನ್ನ ಮ್ಯಾಲೆ ಸಿಟ್ಟೇನು? ಕರಿಯೂದ ಬಿಟ್ಟೀಯಲ್ಲ!"

ನಾನು ತಲೆ ತಗ್ಗಿಸಿ ಬೆಲ್ ಬಿಚ್ಚಿದೆ, ಮೊದಲಿನಂತೆ ಮಾಡಿದೆ. ಒಂದು ಸ್ಕ್ರೂ ಉಳಿಯಿತು. ಹೆಂಡತಿ ಭರಣಿಯ ಮುಚ್ಚಳ ತೆಗೆದಳು.

ಮೊನ್ನೆ ದಿಂಬು ಸರಿಮಾಡಲು ಅಕ್ಕನ ಮೇಲೆ ಬಗ್ಗಿದ್ದೆ. ಬಟನ್ ಒತ್ತುವಾಗ ಅವಳ ತುಟಿ ಅಲ್ಲಾಡಿತು. ಕಿವಿಗೊಟ್ಟೆ.

"ಕಮಲಾ..."

ಹೆಸರು ಹಿಡಿದೇ ಕರೆಯುತ್ತಿದ್ದಳು. ಗೋಡೆಯಾಚೆಯಿಂದ ದನಿ ಬಂತು:

"ಬಂದೆ ಬೇ ಯಕ್ಕಾ!"