ಸತ್ತವರ ಪುಸ್ತಕದ ನಾಗೇಂದ್ರಪ್ಪ

ನಾಗೇಂದ್ರಪ್ಪನವರಿಗೆ ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಯ ಮುನ್ನೂರು ಹೆಂಗಸರ ಸತ್ತ ನೆಂಟರೆಲ್ಲ ಬಾಯಿಪಾಠವಾಗಿದ್ದರು. ಬದುಕಿದ್ದ ಆ ಹೆಂಗಸರ ಹೆಸರು ಮಾತ್ರ ಒಂದೂ ಗೊತ್ತಿರಲಿಲ್ಲ; ಅವರನ್ನು ಟೋಕನ್ ನಂಬರಿನಿಂದಲೇ ಕರೆಯುತ್ತಿದ್ದರು. "ಇನ್ನೂರ ಹದಿನಾಲ್ಕು, ನಿಮ್ಮಜ್ಜಿ ಹೋದ್ವರ್ಷ ದೀಪಾವಳಿಗೇ ಹೋದ್ರಲ್ಲಮ್ಮ, ಇದ್ಯಾವ ಅಜ್ಜಿ?" ಎಂದು ಕನ್ನಡಕದ ಮೇಲಿಂದ ನೋಡಿದರೆ, ನಿಜವಾಗಿಯೂ ಅಜ್ಜಿಯನ್ನು ಕಳೆದುಕೊಂಡವಳಿಗೂ ತಾನೇ ಸುಳ್ಳು ಹೇಳುತ್ತಿದ್ದೇನೇನೋ ಅನ್ನಿಸಿಬಿಡುತ್ತಿತ್ತು.

ಫ್ಯಾಕ್ಟರಿ ಇರುವುದು ನಾಗಸಂದ್ರ ಮೆಟ್ರೋ ನಿಲ್ದಾಣದಿಂದ ಹತ್ತು ನಿಮಿಷದ ದಾರಿಯಲ್ಲಿ. ಅವರು ಅಲ್ಲಿ ಎಚ್‌ಆರ್ ಮ್ಯಾನೇಜರ್. ನಾನು ಅವರ ಕೋಣೆಯ ಹೊರಗೆ ಕೂತು ಹಾಜರಿ ನೋಡುವ ಗುಮಾಸ್ತ. ಅವರ ಮೇಜಿನ ಮೇಲೆ ಕಂದು ರಟ್ಟಿನ ಒಂದು ಉದ್ದನೆಯ ಪುಸ್ತಕವಿರುತ್ತಿತ್ತು. ಟೋಕನ್ನಿಗೊಂದು ಪುಟ. ಯಾರು ಸತ್ತರು, ಎಂದು ಸತ್ತರು, ಎಷ್ಟು ದಿನ ರಜೆ ಕೊಟ್ಟದ್ದಾಯಿತು, ಎಲ್ಲವೂ ಅದರಲ್ಲಿ ಮುತ್ತಿನಂಥ ಅಕ್ಷರದಲ್ಲಿ ಇರುತ್ತಿತ್ತು. ತಿಥಿಯ ಕಾರ್ಡು ತಂದುಕೊಟ್ಟರೆ ಗೋಂದು ಹಚ್ಚಿ ಅಂಟಿಸುತ್ತಿದ್ದರು. ಕಾರ್ಡು ಹೊಡೆಸಲಾಗದ ಬಡವರ ಮನೆಯ ಸಾವನ್ನು ಅವರು ಪೂರ್ತಿ ನಂಬುತ್ತಲೇ ಇರಲಿಲ್ಲ.

"ರಜೆ ಹಕ್ಕಲ್ಲ ಕಣಮ್ಮ, ನನ್ನ ಪ್ರೀತಿ," ಎನ್ನುವುದು ಅವರ ನೆಚ್ಚಿನ ಮಾತು. ಆ ಪ್ರೀತಿ ಎಂಥದೆಂದು ಸರೋಜ ನೋಡಿದಳು. ಅವಳು ಚೆಕಿಂಗ್ ಟೇಬಲ್ಲಿನವಳು. ಹೊಲಿದು ಬಂದ ಅಂಗಿಗಳಲ್ಲಿ ತಪ್ಪು ಹುಡುಕುತ್ತ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು. ಮಂಡಿ ಊದಿಕೊಂಡು, ಕೂತು ಕೆಲಸ ಮಾಡಲಿ ಎಂದು ಡಾಕ್ಟರು ಬರೆದ ಚೀಟಿ ತಂದಳು. ನಾಗೇಂದ್ರಪ್ಪ ಚೀಟಿಯನ್ನು ತಿರುಗಿಸಿ ಹಿಂಬದಿಯನ್ನೂ ಓದಿದರು. "ನಿನಗೆ ಕುರ್ಚಿ ಕೊಟ್ರೆ ನಾಳೆ ಎಲ್ಲರಿಗೂ ಮಂಡಿ ನೋವು ಶುರುವಾಗುತ್ತೆ," ಎಂದರು. ಆದರೆ ಕುರ್ಚಿ ತರಿಸಲಿಲ್ಲ ಎಂದು ದೂರುವ ಹಾಗಿಲ್ಲ, ತರಿಸಿದ್ದರು. ನಮ್ಮ ಅಂಗಿ ಕೊಳ್ಳುವ ವಿದೇಶಿ ಕಂಪನಿಯವರು ಕಾರ್ಮಿಕರ ಅನುಕೂಲ ನೋಡಲು ಬಂದ ದಿನ ಅದು ಸ್ಟೋರಿನಿಂದ ಹೊರಬರುತ್ತಿತ್ತು. ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ಅದರ ಮೇಲೆ ಸರೋಜಳನ್ನು ಕೂರಿಸಿ ಫೋಟೋ ಹಿಡಿಯುತ್ತಿದ್ದರು. ಬಂದವರ ಕಾರು ಗೇಟು ದಾಟಿದ ಮೇಲೆ ಕುರ್ಚಿ ಮತ್ತೆ ಸ್ಟೋರಿಗೆ ಹೋಗುತ್ತಿತ್ತು, ಸರೋಜ ಎದ್ದು ನಿಲ್ಲುತ್ತಿದ್ದಳು.

ಇಷ್ಟೇ ಆಗಿದ್ದರೆ ನಾನು ಅವರನ್ನು ನೆನೆದು ನಕ್ಕುಬಿಡಬಹುದಿತ್ತು.

ಸರೋಜಳ ಅಪ್ಪನಿಗೆ ಇಬ್ಬರು ಹೆಂಡಿರು. ಇವಳು ಕಿರಿಯವಳ ಮಗಳು. ಹಿರಿಯಾಕೆ ತೀರಿಕೊಂಡಾಗ ರಜೆ ಕೇಳಲು ನನ್ನ ಬಳಿ ಬಂದಳು. ಅರ್ಜಿಯಲ್ಲಿ ತಂದೆ, ತಾಯಿ, ಗಂಡ, ಮಕ್ಕಳು, ಅಜ್ಜ, ಅಜ್ಜಿ, ಇಷ್ಟೇ ಇದ್ದದ್ದು. ದೊಡ್ಡಮ್ಮನಿಗೆ ಜಾಗವೇ ಇರಲಿಲ್ಲ. "ತಾಯಿ ಅಂತ ಬರ್ದುಬಿಡು, ಯಾರ್ ನೋಡ್ತಾರೆ," ಎಂದವನು ನಾನು. ಉಪಕಾರ ಮಾಡಿದೆನೆಂದು ಆ ದಿನ ಬೀಗಿದೆ ಕೂಡ. ನಾಗೇಂದ್ರಪ್ಪ ಅದನ್ನು ಅವಳ ಪುಟದಲ್ಲಿ ಬರೆದುಕೊಂಡರು.

ಮೂರು ವರ್ಷದ ಮೇಲೆ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಅವಳ ಹೆತ್ತಮ್ಮ ಹೋದ ಸುದ್ದಿ ಬಂತು. ಊರು ನೆಲಮಂಗಲದ ಆಚೆ, ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ತಲುಪಬಹುದು. ಗೇಟ್‌ಪಾಸಿಗೆ ಬಂದವಳ ಎದುರು ನಾಗೇಂದ್ರಪ್ಪ ಪುಸ್ತಕ ಬಿಚ್ಚಿ, ಅವಳ ಪುಟದ ಮೇಲೆ ಬೆರಳಿಟ್ಟರು.

"ನಿಮ್ಮ ತಾಯಿ ಆಗ್ಲೇ ತೀರ್ಕೊಂಡಿದಾರೆ."

"ಅದು ದೊಡ್ಡವ್ವ ಸಾರ್. ಇದು ನನ್ನ ಎತ್ತವ್ವ."

"ಒಬ್ಬರಿಗೆ ಎಷ್ಟ್ ಜನ ತಾಯಂದಿರಮ್ಮ?"

ಅವಳು ಫೋನಿನಲ್ಲಿ ತಮ್ಮ ಕಳಿಸಿದ ಹೆಣದ ಫೋಟೋ ತೋರಿಸಿದಳು. ಅವರು ಅದನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು. "ಫೋಟೋ ಈಗ ಯಾರ್ ಬೇಕಾದ್ರೂ ಮಾಡ್ತಾರೆ. ಹೋಗೋದಾದ್ರೆ ಟೋಕನ್ ಇಲ್ಲಿಟ್ಟು ಹೋಗು. ನಾಳೆ ಗೇಟ್ ಹತ್ರ ಬರ್ಬೇಡ," ಎಂದರು.

ಅವಳು ನನ್ನ ಕಡೆ ನೋಡಿದಳು. "ಬರೆಸಿದ್ದು ನಾನು ಸಾರ್" ಎಂಬ ಮೂರು ಮಾತು ನನ್ನ ಬಾಯಲ್ಲಿ ಇತ್ತು. ಹೇಳಿದ್ದರೆ ಅವಳ ಜಾಗದಲ್ಲಿ ನನ್ನ ಕೆಲಸ ಹೋಗುತ್ತಿತ್ತು. ನಾನು ಹಾಜರಿ ಪುಸ್ತಕದಲ್ಲಿ ಗೆರೆ ಎಳೆಯುತ್ತ ಕೂತೆ. ಅವಳ ಸಂಬಳದಲ್ಲೇ ಮನೆ ನಡೆಯುತ್ತಿತ್ತು, ಮಕ್ಕಳಿಬ್ಬರು ಶಾಲೆಗೆ ಹೋಗುತ್ತಿದ್ದರು. ಅವಳು ಟೇಬಲ್ಲಿಗೆ ಹಿಂದಿರುಗಿ ಸಂಜೆಯವರೆಗೂ ಅಂಗಿ ನೋಡಿದಳು. ಅಂದು ಅವಳ ಕೈಯಿಂದ ಒಂದು ತಪ್ಪೂ ಜಾರಿಹೋಗಲಿಲ್ಲ ಎಂದು ಸೂಪರ್‌ವೈಸರ್ ಹೊಗಳಿದ. ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮಾರನೆಯ ದಿನ ಬಂದವಳು ನನ್ನ ಹತ್ತಿರ ಇಷ್ಟೇ ಹೇಳಿದಳು: "ಮಕ ಸಿಗ್ಲಿಲ್ಲ ಸಾರ್."

ನಾಗೇಂದ್ರಪ್ಪ ನಿವೃತ್ತರಾದಾಗ ಶಾಲು, ಹಾರ, ಮೈಸೂರುಪಾಕು ಎಲ್ಲ ಆಯಿತು. ಒಂದು ದಿನವೂ ರಜೆ ಹಾಕದೆ ದುಡಿದೆನೆಂದು ಭಾಷಣ ಮಾಡಿದರು. ನಿಜ, ಅವರು ಹಾಕಿರಲಿಲ್ಲ. ಸ್ವಂತ ಅಕ್ಕ ಸತ್ತಾಗಲೂ ಹಾಕದೆ, ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದ ಮಹಾನುಭಾವ. ಅವರನ್ನು ನಾನು ಕೊನೆಯ ಬಾರಿ ಕಂಡದ್ದು ಆ ದಿನವೇ. ಹೋಗುವಾಗ ಪುಸ್ತಕವನ್ನು ನನ್ನ ಕೈಗಿಟ್ಟು, "ಜೋಪಾನ ಕಣ್ರೀ, ಮೂವತ್ತು ವರ್ಷದ ಶ್ರಮ," ಎಂದರು. ಮಗು ಒಪ್ಪಿಸುವವರ ಹಾಗೆ ಅವರ ಕಣ್ಣು ಒದ್ದೆಯಾಗಿತ್ತು. ಅಸಹ್ಯವಾಯಿತು.

ಹೋದ ತಿಂಗಳು ಅವರು ಯಲಹಂಕದ ಮನೆಯಲ್ಲಿ ತೀರಿಕೊಂಡರೆಂದು ಆಫೀಸಿನ ವಾಟ್ಸಾಪಿಗೆ ಬಂತು. ಎಲ್ಲರೂ ಕೈಮುಗಿದ ಚಿತ್ರ ಹಾಕಿ ಕೆಲಸಕ್ಕೆ ಕೂತರು. ನಾನು ಡ್ರಾಯರಿನಿಂದ ಪುಸ್ತಕ ತೆಗೆದೆ. ಯಾರ ಪುಟದಲ್ಲೂ ಅವರನ್ನು ಬರೆಯುವ ಹಾಗಿರಲಿಲ್ಲ. ಅವರು ಯಾರಿಗೂ ಏನೂ ಆಗಬೇಕಿರಲಿಲ್ಲ.

ಚೆಕಿಂಗ್ ಟೇಬಲ್ಲಿಗೆ ಹೋಗಿ ಸರೋಜಳಿಗೆ ಸುದ್ದಿ ಹೇಳಿದೆ. ಹೊಸದಾಗಿ ಬಂದ ಮ್ಯಾನೇಜರ್ ಹುಡುಗಿ ಕುರ್ಚಿಯನ್ನು ಸ್ಟೋರಿನಿಂದ ಬಿಡುಗಡೆ ಮಾಡಿದ್ದಾಳೆ, ಸರೋಜ ಅದರ ಮೇಲೆ ಕೂತಿದ್ದಳು. ಅವಳು ಬೈಯುತ್ತಾಳೆ, ನಾನೂ ಜೊತೆಗೆ ಬೈಯಬಹುದು ಎಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟಳು.

"ನೀವು ಓಗಲ್ವಾ ಸಾರ್? ಓಗಿ ಬನ್ನಿ. ಮಕ ನೋಡ್ದಿದ್ರೆ ಆಮ್ಯಾಕೆ ಒಳಗೇ ಕೊರಿತದೆ. ನಂಗೊತ್ತು."

"ರಜೆ ಸಿಗಲ್ಲಮ್ಮ," ಎಂದೆ.

"ಅಯ್ಯೋ," ಎಂದು ಅವಳು ನನಗಾಗಿ ಮರುಗಿ, ಮತ್ತೆ ಅಂಗಿ ಎತ್ತಿಕೊಂಡಳು.

ನಾನು ರಜೆ ಕೇಳೇ ಇರಲಿಲ್ಲ. ಅದನ್ನೂ ಅವಳಿಗೆ ಹೇಳಲಿಲ್ಲ.